ಹದಿನಾಲ್ಕನೇ ಫಾರಂ

ಯಾವ ಪುಸ್ತಕ ಕೈಗೆ ಬಂದರೂ ದಾರದಕ್ಕ ಮೊದಲು ನೋಡುತ್ತಿದ್ದುದು ಅದರ ಬೆನ್ನನ್ನು. ಹೆಸರೇನು, ಬರೆದವರು ಯಾರು, ಒಳಗೇನಿದೆ, ಇದೆಲ್ಲ ಅವಳಿಗೆ ಆಮೇಲಿನ ಮಾತು. ಬೈಂಡಿಂಗ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಸೂಜಿದಾರ ಹಿಡಿದು ಪುಸ್ತಕ ಹೊಲಿದ ಕೈ ಅದು. ಅವಳಿಗೂ ಒಂದು ಹೆಸರಿತ್ತು, ಇಲ್ಲವೆಂದಲ್ಲ. ಹಾಜರಿ ಪುಸ್ತಕಕ್ಕೆ ರುಜು ಹಾಕುವಾಗ ಮಾತ್ರ ಅದು ಹೊರಗೆ ಬಂದು, ಮತ್ತೆ ಒಳಗೆ ಹೋಗುತ್ತಿತ್ತು.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಬಾಗಿಲ ಹತ್ತಿರ ಗಿರಾಕಿಗಳ ಕಟ್ಟೆ, ಆಮೇಲೆ ಕಾಗದ ಕತ್ತರಿಸುವ ಯಂತ್ರ, ಅದರಾಚೆ ಚಕ್ರ ತಿರುಗಿಸಿ ಬಿಗಿಮಾಡುವ ಕಬ್ಬಿಣದ ಪ್ರೆಸ್ಸು, ಕೊನೆಗೆ ಕಿಟಕಿಯ ಪಕ್ಕ ತಗಡು ಹೊಡೆದ ಮೇಜು. ಆ ಮೇಜಿನ ಒಂದು ಕಡೆ ದಾರದಕ್ಕ. ಎದುರಿಗೆ ಅಂಟಜ್ಜಿ. ಅಂಟಜ್ಜಿಯ ಕೆಲಸ ಅಂಟು ಕುದಿಸುವುದು, ಬೆನ್ನಿಗೆ ಬಳಿಯುವುದು, ರಟ್ಟಿಗೆ ಬಟ್ಟೆ ಅಂಟಿಸುವುದು. ಅವಳ ಬೆರಳುಗಳ ಮೇಲೆ ಒಣಗಿದ ಅಂಟು ಎರಡನೇ ಚರ್ಮದ ಹಾಗೆ ಇರುತ್ತಿತ್ತು. ಬಿಡುವಾದಾಗ ಕೂತು ಅದನ್ನು ಸುಲಿಯುತ್ತಿದ್ದಳು. ನಲವತ್ತು ವರ್ಷ ಪುಸ್ತಕಗಳ ನಡುವೆ ಬಾಳಿದ ಈಕೆಗೆ ಓದು ಬರುತ್ತಿರಲಿಲ್ಲ. ಅದಕ್ಕೆ ನಾಚಿಕೆಯೂ ಇರಲಿಲ್ಲ. "ಓದೋಕೆ ಕೂತಿದ್ರೆ ಇಷ್ಟು ಪುಸ್ತಕ ಯಾರಮ್ಮ ಅಂಟಿಸ್ತಿದ್ರು?" ಅನ್ನುತ್ತಿದ್ದಳು.

ದಾರದಕ್ಕನನ್ನು ಹದಿನಾಲ್ಕು ವರ್ಷಕ್ಕೆ ಶಾಲೆ ಬಿಡಿಸಿದ್ದರು. ಮೂವತ್ತೆಂಟಕ್ಕೆ ಅವಳು ಮತ್ತೆ ಪುಸ್ತಕ ಹಿಡಿದಳು, ಈ ಸಲ ಒಳಗಡೆಯಿಂದ. ಪ್ರವೇಶ ಪರೀಕ್ಷೆ ಬರೆದು ಪದವಿಗೆ ಸೇರಿದಳು, ಸಂಜೆ ಕಾಲೇಜು, ಆರರಿಂದ ಎಂಟರವರೆಗೆ. ಒಟ್ಟು ಹದಿನೆಂಟು ವಿಷಯ. ಆರು ವರ್ಷದೊಳಗೆ ಎಲ್ಲ ಮುಗಿಸಬೇಕು, ಇಲ್ಲದಿದ್ದರೆ ಪಾಸಾದದ್ದೂ ಲೆಕ್ಕಕ್ಕಿಲ್ಲ, ಮೊದಲಿನಿಂದ ಶುರು. ಹದಿನೇಳು ಹೇಗೋ ದಾಟಿದಳು. ಉಳಿದದ್ದು ಒಂದು, ವಾಣಿಜ್ಯ ಕಾನೂನು. ಎರಡು ಸಲ ಕೂತಿದ್ದಳು. ಮೊದಲ ಸಲ ಇಪ್ಪತ್ತೆರಡು, ಎರಡನೇ ಸಲ ಇಪ್ಪತ್ತೇಳು ಅಂಕ. ಬೇಕಾದದ್ದು ಮೂವತ್ತೈದು. ಇದು ಆರನೇ ವರ್ಷ, ಕೊನೆಯ ಸಲ. ಈ ಸಲವೂ ಹೋದರೆ ಹದಿನೇಳೂ ಕೈಬಿಟ್ಟ ಹಾಗೆ.

ಕಷ್ಟವೆಂದು ಅವಳು ಸೋತದ್ದಲ್ಲ. ಬೇಸರವೆಂದು. ಕಷ್ಟದ್ದಾದರೆ ಹಲ್ಲುಕಚ್ಚಿ ಮಾಡಬಹುದು. ಬೇಸರದ್ದಕ್ಕೆ ಹಲ್ಲು ಎಲ್ಲಿ ಊರುವುದು? ಮೇಷ್ಟ್ರು ಹಳದಿಗಟ್ಟಿದ ಹಾಳೆ ನೋಡಿಕೊಂಡು ಓದುತ್ತಿದ್ದರು. 'ಒಂದನೇ ಪಕ್ಷದವನು ಎರಡನೇ ಪಕ್ಷದವನಿಗೆ' ಎಂದು ಶುರುವಾದ ವಾಕ್ಯ ಗಂಟೆ ಹೊಡೆದರೂ ಮುಗಿಯುತ್ತಿರಲಿಲ್ಲ. ದಾರದಕ್ಕ ಆ ಹೊತ್ತಿಗೆ ಮುಂದಿನ ಬೆಂಚಿನವಳ ರವಿಕೆಯ ಹೊಲಿಗೆ ಎಣಿಸಿ, ಎಲ್ಲೆಲ್ಲಿ ದಾರ ಸಡಿಲವಿದೆ ಎಂದು ಲೆಕ್ಕ ಹಾಕಿ ಮುಗಿಸಿರುತ್ತಿದ್ದಳು. ಮನೆಯಲ್ಲಿ ಪಾಠದ ಟಿಪ್ಪಣಿ ತೆರೆದರೆ ಕಣ್ಣು ಸಾಲಿನ ಮೇಲೆ ಹೋಗುತ್ತಿತ್ತು, ಮನಸ್ಸು ಒಲೆಯ ಮೇಲೆ. ಪುಟದ ಕೊನೆಗೆ ಬಂದು ನೋಡಿದರೆ ತಲೆಯಲ್ಲಿ ಏನೂ ಇಲ್ಲ, ಉಜ್ಜಿಟ್ಟ ಪಾತ್ರೆಯ ಹಾಗೆ ಖಾಲಿ.

ಮಗಳು ಹಗಲು ಕಾಲೇಜಿನಲ್ಲಿ ಅದೇ ವಿಷಯವನ್ನು ಹಿಂದಿನ ವರ್ಷ ಪಾಸು ಮಾಡಿದ್ದಳು.

"ಅರ್ಥ ಮಾಡ್ಕೋಬೇಡ ಅಮ್ಮ, ಉರು ಹೊಡಿ," ಅಂದಳು. "ನಾನು ಹಂಗೇ ಮಾಡಿದ್ದು. ಪರೀಕ್ಷೆ ಮುಗಿದ ಮಧ್ಯಾಹ್ನ ಎಲ್ಲ ಮರೆತೆ."

"ನಿನ್ನ ತಲೆ ಹೊಸದು ಕಣೇ, ಏನು ಹಾಕಿದ್ರೂ ನಿಲ್ಲುತ್ತೆ."

"ನಿನ್ನ ತಲೆಗೂ ಒಂದು ಬೈಂಡ್ ಹಾಕ್ಸು ಹಾಗಾದ್ರೆ."

ಗಂಡ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಮೇಲೆ ಕೆಳಗೆ ಹೋಗಿಬಂದು ಮಾತು ಕಮ್ಮಿಯಾಗಿತ್ತು. "ಮೇಲೆ ಹೋಗೋರು ಒಂದೊಂದೇ ಅಂತಸ್ತು ಹೋಗ್ತಾರೆ," ಎಂದು ಹೇಳಿ ತಟ್ಟೆ ತೊಳೆಯಲು ಎದ್ದುಹೋದ. ಅವನ ಮಟ್ಟಿಗೆ ಅದು ಭಾಷಣ.

ಪರೀಕ್ಷೆಗೆ ಒಂದು ತಿಂಗಳು ಚಿಲ್ಲರೆ ಇದ್ದಾಗ ಕಾಲೇಜಿನ ಲೈಬ್ರರಿ ಮಾಸ್ತರು ಮೂವತ್ತು ಹಳೆ ಪುಸ್ತಕಗಳನ್ನು ಎರಡು ಚೀಲದಲ್ಲಿ ತಂದು ಅಂಗಡಿಯ ಕಟ್ಟೆಗೆ ಸುರಿದರು. ತೆಳ್ಳನೆಯ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. "ಪರೀಕ್ಷೆ ಶುರುವಾಗೋ ಮುಂಚೆ ಬೇಕು," ಎಂದು ಅಂಗಡಿಯ ಧಣಿಗೆ ಹೇಳಿ ಹೋದರು. ಧಣಿ ಆ ರಾಶಿಯನ್ನು ದಾರದಕ್ಕನ ಮುಂದೆ ತಳ್ಳಿದರು. ಮೇಲಿನಿಂದ ನಾಲ್ಕನೆಯದು ವಾಣಿಜ್ಯ ಕಾನೂನು. ಲೈಬ್ರರಿಯಲ್ಲಿ ಹೊರಗೆ ಕೊಡದೆ ಬೀರುವಿನಲ್ಲಿಟ್ಟಿದ್ದ ದಪ್ಪ ಪುಸ್ತಕ, ಮುನ್ನೂರ ಎಂಬತ್ತನಾಲ್ಕು ಪುಟ.

"ನೋಡಿ ಅಜ್ಜಿ, ಪೀಡೆ ನನ್ನನ್ನ ಹುಡುಕ್ಕೊಂಡು ಇಲ್ಲಿಗೂ ಬಂತು," ಅಂದಳು ದಾರದಕ್ಕ.

ರಟ್ಟು ಕಿತ್ತು, ಬೆನ್ನಿನ ಹಳೆ ಅಂಟು ಕೆರೆದು, ದಾರ ಕತ್ತರಿಸಿದಳು. ಪುಸ್ತಕ ಬಿಚ್ಚಿಕೊಂಡಿತು. ಅಚ್ಚಿನ ಮನೆಯಲ್ಲಿ ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗುತ್ತದೆ. ಅದನ್ನು ಮೂರು ಸಲ ಮಡಚಿದರೆ ಒಂದು ಕಟ್ಟು. ಅದಕ್ಕೆ ಫಾರಂ ಅನ್ನುತ್ತಾರೆ. ಎಂಥ ಪಂಡಿತರ ಪುಸ್ತಕವಾದರೂ ಒಳಗೆ ಇರುವುದು ಇಷ್ಟೇ, ಫಾರಂ ಮೇಲೆ ಫಾರಂ. ಈ ಪುಸ್ತಕದಲ್ಲಿ ಇಪ್ಪತ್ತನಾಲ್ಕು. ಮೊದಲ ಎರಡು ಫಾರಂ ಕೈಮಸಿ ಹತ್ತಿ ಕಪ್ಪಾಗಿದ್ದವು. ಮೂರನೆಯದರಿಂದ ಕೊನೆಯವರೆಗೆ ಅಚ್ಚಾದ ದಿನದ ಹಾಗೆ ಬಿಳಿ. ಮೂವತ್ತೆರಡನೇ ಪುಟ ದಾಟಿ ಹೋದವರು ಯಾರೂ ಇರಲಿಲ್ಲ. ಅದನ್ನು ನೋಡಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಒಂದನೇ ಫಾರಂ ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಏನೂ ತೂಕವಿಲ್ಲ. ಎಂಟು ಹಾಳೆ. ಆರು ವರ್ಷ ತನ್ನನ್ನು ಹೆದರಿಸಿದ್ದು ಇದೇನಾ ಅನ್ನಿಸಿತು.

ಅವತ್ತು ಸಂಜೆ ಆ ಫಾರಂ ಅವಳ ಊಟದ ಚೀಲದಲ್ಲಿ, ಹಳೆ ಪತ್ರಿಕೆ ಸುತ್ತಿಕೊಂಡು, ಮನೆಗೆ ಹೋಯಿತು. ಬೆಳಗ್ಗೆ ನೀರು ಕಾಯುವವರೆಗೆ ಒಮ್ಮೆ ಓದಿದಳು, ಬಸ್ಸಿನಲ್ಲಿ ಇನ್ನೊಮ್ಮೆ. ಅಂಗಡಿಗೆ ಬಂದು ಕೂತು, ಫಾರಂ ಬೋರಲು ಹಾಕಿ, ಅಂಟಜ್ಜಿಗೆ ಹೇಳಲು ಶುರು ಮಾಡಿದಳು. ಕೈಗಳು ಬೇರೆ ಪುಸ್ತಕ ಹೊಲಿಯುತ್ತಿದ್ದವು. ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು: ನೋಡದೆ, ಅಜ್ಜಿಗೆ ತಿಳಿಯುವ ಹಾಗೆ ಹೇಳಿದರೆ ಫಾರಂ ಬಲಗಡೆ ರಾಶಿಗೆ. ಹೇಳಲು ಬರದಿದ್ದರೆ ಎಡಗಡೆಯೇ ಇರಲಿ. ಇಪ್ಪತ್ತನಾಲ್ಕೂ ಬಲಗಡೆಗೆ ಹೋದ ಮೇಲೆಯೇ ಆ ಪುಸ್ತಕಕ್ಕೆ ಸೂಜಿ ಹಾಕುವುದು.

ಅಂಟಜ್ಜಿ ಸುಲಭದ ಗಿರಾಕಿಯಲ್ಲ. ಪುಸ್ತಕದ ಮಾತು ಹೇಳಿದರೆ ಅವಳ ಮುಖ ರಟ್ಟಿನ ಹಾಗೆ ಇರುತ್ತಿತ್ತು.

"ಒಬ್ಬರು ಪ್ರಸ್ತಾವ ಮಾಡ್ಬೇಕು, ಇನ್ನೊಬ್ಬರು ಒಪ್ಪಿಗೆ ಕೊಡ್ಬೇಕು. ಒಪ್ಪಿಗೆ ಗೊತ್ತಾಗೋ ಹಾಗೆ ತಿಳಿಸ್ಬೇಕು. ಸುಮ್ನೆ ಇದ್ರೆ ಅದು ಒಪ್ಪಿಗೆ ಅಲ್ಲ."

ಅಂಟಜ್ಜಿ ಕುಂಚ ನಿಲ್ಲಿಸಿದಳು. "ಸುಮ್ನೆ ಇದ್ರೆ ಒಪ್ಪಿಗೆ ಅಲ್ವಾ?"

"ಅಲ್ಲ."

"ಹಾಗಾದ್ರೆ ನಂದು ಮದುವೆನೇ ಆಗಿಲ್ಲ ಕಣೇ. ನಮ್ಮಪ್ಪ ಕೇಳಿದಾಗ ನಾನು ಗೋಡೆ ನೋಡ್ಕೊಂಡು ಸುಮ್ನೆ ನಿಂತಿದ್ದೆ. ಐವತ್ತೆರಡು ವರ್ಷ ಆ ಮನುಷ್ಯನಿಗೆ ಸುಮ್ಸುಮ್ನೆ ಬೇಯಿಸಿ ಹಾಕಿದೆ!"

ಕಟಿಂಗ್ ಯಂತ್ರದವನು ನಕ್ಕು, ಕಾಗದ ಓರೆಯಾಗಿ ಕತ್ತರಿಸಿ ಧಣಿಯಿಂದ ಬೈಸಿಕೊಂಡ. ದಾರದಕ್ಕನಿಗೆ ಆ ಪಾಠ ಸಾಯುವವರೆಗೂ ಮರೆಯದ ಹಾಗೆ ಕೂತಿತು. ಪರೀಕ್ಷೆಯಲ್ಲಿ ಗೋಡೆ ನೋಡಿಕೊಂಡು ನಿಂತ ಹುಡುಗಿಯನ್ನು ಬರೆಯುವ ಹಾಗಿಲ್ಲ. ಆದರೆ ಆ ಹುಡುಗಿಯನ್ನು ನೆನೆದರೆ ಉಳಿದದ್ದೆಲ್ಲ ತಾನಾಗಿ ಹಿಂದೆ ಬರುತ್ತಿತ್ತು.

ದಿನಕ್ಕೊಂದು ಫಾರಂ. ಬೇಸರ ಹೋಯಿತೆಂದಲ್ಲ. ಒಂಬತ್ತನೇ ಫಾರಂ ಓದುವಾಗ ಬಸ್ಸಿನಲ್ಲಿ ನಿದ್ದೆ ಬಂದು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು. ಆದರೆ ನಾಳೆ ಬೆಳಗ್ಗೆ ಅಂಟಜ್ಜಿ "ಹೂಂ, ಇವತ್ತೇನು?" ಎಂದು ಕೇಳುತ್ತಾಳೆ ಎಂಬುದು ತಲೆಯಲ್ಲಿರುತ್ತಿತ್ತು. ಹಾಗಾಗಿ ಓದುವಾಗಲೇ ಮುದುಕಿ ಎಲ್ಲಿ ಕೊಕ್ಕೆ ಹಾಕುತ್ತಾಳೆಂದು ಹುಡುಕಿಕೊಂಡು ಓದುತ್ತಿದ್ದಳು. ಹುಡುಕುವ ಕಣ್ಣು ನಿದ್ದೆ ಮಾಡುವುದು ಕಮ್ಮಿ. ಹನ್ನೆರಡನೇ ಫಾರಂ ಹೊತ್ತಿಗೆ ಅಂಟಜ್ಜಿಯೂ ಚಿಗುರಿಕೊಂಡಿದ್ದಳು. ಶನಿವಾರ ಅರ್ಧ ದಿನ ರಜೆ ಕೊಡುತ್ತೇನೆಂದು ಹೇಳಿ ಧಣಿ ಮರೆತಾಗ, "ಪ್ರಸ್ತಾವ ನಿಮ್ಮದು ಧಣಿ, ನಾನು ಬಾಯಿಬಿಟ್ಟು ಒಪ್ಪಿದೀನಿ, ಸಾಕ್ಷಿ ಇವಳು," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಧಣಿ ಬಾಗಿಲು ನೋಡುತ್ತ ನಿಂತರು.

ಹದಿನಾಲ್ಕನೇ ಫಾರಂ ಬಂದಾಗ ಬಂಡಿ ನಿಂತಿತು.

ಅದರಲ್ಲಿದ್ದುದು ನಿಕ್ಷೇಪದ ಪಾಠ. ಒಬ್ಬರ ವಸ್ತುವನ್ನು ಇನ್ನೊಬ್ಬರ ಕೈಗೆ ಒಂದು ಕೆಲಸಕ್ಕೆಂದು ಕೊಡುವುದು, ಕೆಲಸ ಮುಗಿದ ಮೇಲೆ ಅವರು ಹಿಂದಿರುಗಿಸುವುದು. ದರ್ಜಿಗೆ ಬಟ್ಟೆ ಕೊಟ್ಟ ಹಾಗೆ, ರಿಪೇರಿಗೆ ಗಡಿಯಾರ ಕೊಟ್ಟ ಹಾಗೆ.

"ಬೈಂಡಿಗೆ ಪುಸ್ತಕ ಕೊಟ್ಟ ಹಾಗೆ," ಅಂದಳು ಅಂಟಜ್ಜಿ ಥಟ್ಟನೆ.

"ಹೂಂ. ಹಾಗೆ."

"ಸುಲಭ ಇದೆಯಲ್ಲ. ಮುಂದೆ ಹೇಳು."

"ತಗೊಂಡೋರು ಅದನ್ನ ತಮ್ಮದೇ ಅನ್ನೋ ಹಾಗೆ ಜೋಪಾನ ಮಾಡ್ಬೇಕು. ಮತ್ತೆ... ಯಾವ ಕೆಲಸಕ್ಕೆ ಕೊಟ್ರೋ ಆ ಕೆಲಸಕ್ಕೆ ಮಾತ್ರ ಬಳಸ್ಬೇಕು. ಬೇರೆಗೆ ಬಳಸಿ ಏನಾದ್ರೂ ಆದ್ರೆ, ಎಷ್ಟು ಜೋಪಾನವಾಗಿದ್ರೂ ತಪ್ಪು ತಗೊಂಡೋರದ್ದೇ."

ಅಂಟಜ್ಜಿ ಬೆರಳಿನ ಅಂಟು ಸುಲಿಯುತ್ತ ಕೇಳಿದಳು, "ಈ ಪುಸ್ತಕ ಅವರು ಯಾವ ಕೆಲಸಕ್ಕೆ ಕೊಟ್ಟಿದ್ದು?"

"ಹೊಲಿಯೋಕೆ."

"ನೀನು ದಿನಾ ಚೀಲದಲ್ಲಿ ಹಾಕ್ಕೊಂಡು ಹೋಗೋದು?"

ದಾರದಕ್ಕ ದಾರ ಗಂಟಾಗಿದೆ ಎಂದು ಬಗ್ಗಿ ಬಿಡಿಸತೊಡಗಿದಳು. ದಾರ ಗಂಟಾಗಿರಲಿಲ್ಲ. ಅಂಟಜ್ಜಿ ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿಯಲೆಂದು ಕೇಳಿದ್ದು. ಅದಕ್ಕೇ ಅದು ಹೆಚ್ಚು ಚುಚ್ಚಿತು. ಅವತ್ತು ಆ ಫಾರಂ ಎಡಗಡೆಯೇ ಉಳಿಯಿತು.

ಮರುದಿನ ಹದಿನೈದನೆಯದು ಹೇಳಿದಳು, ಅದು ಬಲಗಡೆಗೆ ಹೋಯಿತು. ಹದಿನಾರು, ಹದಿನೇಳು, ಹೀಗೆ ನಡೆಯಿತು. ಹದಿನಾಲ್ಕನೆಯದರ ಮೇಲೆ ಕೈ ಹೋದಾಗಲೆಲ್ಲ ಅದರ ಕೆಳಗಿನದನ್ನು ಎಳೆದುಕೊಳ್ಳುತ್ತಿದ್ದಳು. ಮನೆಗೆ ಒಯ್ಯುವುದನ್ನು ನಿಲ್ಲಿಸಿದಳೇ ಎಂದರೆ ಅದೂ ಇಲ್ಲ. ಬದಲಿಗೆ ಒಂದು ಪತ್ರಿಕೆ ಸುತ್ತುವ ಕಡೆ ಎರಡು ಸುತ್ತಿದಳು.

ಕೊನೆಯ ಶನಿವಾರ ಎಡಗಡೆ ಉಳಿದಿದ್ದು ಆ ಒಂದೇ. ಬೇರೆ ಇಪ್ಪತ್ತೊಂಬತ್ತು ಪುಸ್ತಕ ಸಿದ್ಧವಾಗಿ ಸಾಲಾಗಿ ಕೂತಿದ್ದವು. ದಾರದಕ್ಕ ಹದಿನಾಲ್ಕನೆಯದನ್ನು ಒಂದೇ ಉಸಿರಿಗೆ, ಮಗಳು ಹೇಳಿಕೊಟ್ಟ ಹಾಗೆ, ಗಡಗಡ ಒಪ್ಪಿಸಿದಳು.

"ಬಾಯಿಂದ ಬಂತು," ಅಂದಳು ಅಂಟಜ್ಜಿ. "ಇರಲಿ ಬಿಡು. ಇಡು ಆ ಕಡೆ."

ಬಲಗಡೆ ರಾಶಿಯ ಕೊನೆಗೆ ಅದನ್ನು ಇಟ್ಟು, ರಾಶಿ ಹತ್ತಿರ ಎಳೆದುಕೊಂಡು ಹೊಲಿಯತೊಡಗಿದಳು. ಹೊಲಿಯುವ ಮುಂಚೆ ಫಾರಂಗಳ ಪುಟದ ಅಂಕಿ ನೋಡಿ ವರಸೆ ಸರಿಯಿದೆಯೇ ಎಂದು ತಾಳೆ ನೋಡಬೇಕು. ಬೈಂಡಿಂಗ್ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವುದೇ ಅದು. ಹತ್ತೊಂಬತ್ತು ವರ್ಷದಲ್ಲಿ ಅವಳು ಅದನ್ನು ಬಿಟ್ಟವಳಲ್ಲ. ಅವತ್ತು ಬಿಟ್ಟಳು. ಒಂದೊಂದು ಫಾರಮ್ಮೂ ಬಾಯಿಗೆ ಬರುತ್ತಿರುವಾಗ ಅಂಕಿ ನೋಡುವುದೇನು ಎಂಬ ಧೈರ್ಯ. ಪುಸ್ತಕದ ಒಳಗನ್ನು ತಿಳಿದುಕೊಂಡು ಹೊಲಿದದ್ದು ಅದೇ ಮೊದಲು. ತಪ್ಪು ಹೊಲಿದದ್ದೂ ಅದೇ ಮೊದಲು.

ಸೋಮವಾರ ಲೈಬ್ರರಿ ಮಾಸ್ತರು ಬಂದರು. ಕನ್ನಡಕ ಮೂಗಿಗೇರಿಸಿ, ಒಂದೊಂದೇ ಪುಸ್ತಕ ಎತ್ತಿ, ಹೆಬ್ಬೆರಳಿನಿಂದ ಪುಟದ ಮೂಲೆಗಳನ್ನು ಸರ್ರನೆ ಬಿಡುತ್ತ ಹೋದರು. ವಾಣಿಜ್ಯ ಕಾನೂನಿಗೆ ಬಂದಾಗ ಹೆಬ್ಬೆರಳು ನಿಂತಿತು.

"ಇನ್ನೂರ ಎಂಟು ಆದ್ಮೇಲೆ ಇನ್ನೂರ ಇಪ್ಪತ್ತೈದು. ಮಧ್ಯದ್ದು ಎಲ್ಲಿ?"

ಧಣಿ ಓಡಿ ಬಂದರು. ಹುಡುಕಿದಾಗ ಹದಿನಾರು ಪುಟಗಳೂ ಪುಸ್ತಕದ ಬಾಲದಲ್ಲಿ, ಪದಸೂಚಿಯೂ ಮುಗಿದ ಮೇಲೆ, ಅಚ್ಚುಕಟ್ಟಾಗಿ ಹೊಲಿದುಕೊಂಡು ಕೂತಿದ್ದವು.

"ಏನಮ್ಮ ಇದು? ನೀನೇನಾ ಹೊಲಿದಿದ್ದು?" ಧಣಿಯ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು.

ದಾರದಕ್ಕ ಎದ್ದು ಬಂದಳು. ಕೈ ಮೇಲಿನ ದಾರದ ಚೂರು ಕೊಡವಿಕೊಂಡಳು. "ನಾನೇ. ಇನ್ನೊಂದು ಮಾತೂ ಇದೆ ಸಾರ್. ಈ ಪುಸ್ತಕ ನಾನು ದಿನಕ್ಕೊಂದು ಫಾರಂ ಮನೆಗೆ ಒಯ್ದು ಓದಿದೀನಿ. ನಿಮ್ಮನ್ನ ಕೇಳ್ಲಿಲ್ಲ, ಧಣಿಯನ್ನೂ ಕೇಳ್ಲಿಲ್ಲ. ನಾಡಿದ್ದು ನನಗೆ ಇದರದ್ದೇ ಪರೀಕ್ಷೆ. ನೀವು ಕೊಟ್ಟಿದ್ದು ಹೊಲಿಯೋಕೆ. ಏನಾದ್ರೂ ಹರಿದಿದ್ರೆ, ಮಾಸಿದ್ರೆ, ತಪ್ಪು ನಂದೇ."

ಮಾಸ್ತರು ಪುಸ್ತಕವನ್ನು ಮತ್ತೆ ನೋಡಿದರು. ಹರಿದಿರಲಿಲ್ಲ. ಮಾಸಿರಲಿಲ್ಲ.

"ಎಲ್ಲಾ ಓದಿದ್ರಾ?"

"ಎಲ್ಲಾ."

"ಇಪ್ಪತ್ನಾಲ್ಕೂ ನಾನೂ ಕೇಳಿದೀನಿ," ಎಂದಳು ಹಿಂದಿನಿಂದ ಅಂಟಜ್ಜಿ.

"ಹನ್ನೊಂದು ವರ್ಷದಿಂದ ನನ್ನ ಬೀರುವಿನಲ್ಲಿತ್ತು ಇದು," ಮಾಸ್ತರು ಕನ್ನಡಕ ಇಳಿಸಿದರು. "ಯಾರೂ ಮೂವತ್ತು ಪುಟ ದಾಟಿರ್ಲಿಲ್ಲ. ನಾನೂ ಸೇರಿ. ಓದಿದ್ದಕ್ಕೆ ನಂದೇನೂ ಇಲ್ಲಮ್ಮ. ಆದ್ರೆ ಪುಸ್ತಕ ಸರಿಯಾಗಿ ಬೇಕು. ಬುಧವಾರ ಬೆಳಗ್ಗೆ."

ಬುಧವಾರ ಬೆಳಗ್ಗೆಯೇ ಪರೀಕ್ಷೆ. ಮಂಗಳವಾರ ಕೂತು ಎಲ್ಲ ಒಮ್ಮೆ ತಿರುವಿಹಾಕಲೆಂದು ಅವಳು ರಜೆ ಕೇಳಿ ಇಟ್ಟುಕೊಂಡಿದ್ದಳು.

"ಹೋಯ್ತು," ಅಂದಳು ಮನೆಯಲ್ಲಿ ಮಗಳು. "ಕೊನೇ ದಿನ ಅಂಗಡಿಗೆ ಹೋಗ್ತೀಯಾ? ಬೇರೆಯವರು ಹೊಲಿಯಲಿ ಬಿಡಮ್ಮ."

"ತಪ್ಪು ಹೊಲಿದೋಳು ನಾನು. ಬಿಚ್ಚೋಕೆ ಬೇರೆಯವರು ಯಾಕೆ?"

ಮಂಗಳವಾರ ಒಂಬತ್ತಕ್ಕೆ ಮೇಜಿನ ಮುಂದೆ ಕೂತಳು. ಹೊಸ ರಟ್ಟು ಕಿತ್ತಳು. ತಾನೇ ಬಿಗಿಯಾಗಿ ಎಳೆದ ದಾರವನ್ನು ತಾನೇ ಕತ್ತರಿಸಿದಳು. ಅಂಟಜ್ಜಿ ಬೆನ್ನಿಗೆ ಒದ್ದೆ ಬಟ್ಟೆ ಇಟ್ಟು ಅಂಟು ಮೆತ್ತಗೆ ಮಾಡಿ ಕೆರೆದಳು. ಮೊದಲ ಫಾರಂ ಬಿಡಿಸಿಕೊಂಡು ಬಂದಾಗ, ಅಭ್ಯಾಸಬಲ, ಮುದುಕಿ ಕೇಳಿಯೇಬಿಟ್ಟಳು, "ಇದರಲ್ಲಿ ಏನಿತ್ತು?"

ದಾರದಕ್ಕ ನಾಲ್ಕು ಮಾತಿನಲ್ಲಿ ಹೇಳಿದಳು. ಪುಟದ ಅಂಕಿ ನೋಡಿದಳು, ಇಟ್ಟಳು. ಎರಡನೆಯದು. ಮೂರನೆಯದು. ತಿಂಗಳ ಹಿಂದೆ ಬೆಳಗ್ಗೆಯಿಂದ ಊಟದವರೆಗೆ ಹಿಡಿಯುತ್ತಿದ್ದುದು ಈಗ ಬೆನ್ನು ಕೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ಎಲ್ಲಿ ತಡವರಿಸಿದಳೋ ಅಲ್ಲಿ ಫಾರಂ ಬಿಡಿಸಿ ಒಂದು ಸಾಲು ನೋಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹದಿಮೂರು ಬಂತು, ಜಾಮೀನಿನ ಪಾಠ. ಅದನ್ನಿಟ್ಟು, ಬಾಲದಿಂದ ಬಿಡಿಸಿದ ಹದಿನಾಲ್ಕನ್ನು ಅದರ ಮೇಲೆ ಇಟ್ಟಳು. ಅದರ ಮೇಲೆ ಹದಿನೈದು, ಏಜೆಂಟರ ಪಾಠ. ಅವಳ ಕೈ ಅಲ್ಲೇ ನಿಂತಿತು.

"ಯಾಕೆ, ಮತ್ತೆ ತಪ್ಪಿತಾ?"

"ಇಲ್ಲ ಅಜ್ಜಿ. ಇದು ಇಲ್ಲಿ ಯಾಕಿದೆ ಅಂತ ಈಗ ಗೊತ್ತಾಯ್ತು. ಹದಿಮೂರರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ನಿಲ್ತಾರೆ. ಹದಿನಾಲ್ಕರಲ್ಲಿ ಒಬ್ಬರ ಸಾಮಾನು ಇನ್ನೊಬ್ಬರ ಕೈಗೆ. ಹದಿನೈದರಲ್ಲಿ ಒಬ್ಬರ ಅಧಿಕಾರ ಇನ್ನೊಬ್ಬರ ಕೈಗೆ. ಮೂರೂ ಅದೇ. ನಂಬಿ ಕೊಟ್ಟಿದ್ದನ್ನ ಹೇಗೆ ಇಟ್ಕೋಬೇಕು ಅಂತ."

"ಇವಾಗ ಬಂತು ನೋಡು ಹೊಟ್ಟೆಯಿಂದ," ಎಂದು ಅಂಟಜ್ಜಿ ಕುಂಚ ಅದ್ದಿದಳು. "ಹೊಲಿ, ಹೊಲಿ. ಅಂಟು ಆರಿಹೋಗ್ತಿದೆ."

ಇಪ್ಪತ್ತನಾಲ್ಕೂ ಮುಗಿದು, ಅಂಕಿ ಎರಡು ಸಲ ತಾಳೆ ನೋಡಿ, ಹೊಲಿದು, ಬಳಿದು, ಪ್ರೆಸ್ಸಿನ ಚಕ್ರ ಬಿಗಿ ಮಾಡಿದಾಗ ಐದೂವರೆ. ದಾರದಕ್ಕ ಮನೆಗೆ ಹೋಗಿ ಪುಸ್ತಕ ಮುಟ್ಟಲಿಲ್ಲ. ಮುಟ್ಟಲು ಪುಸ್ತಕವೂ ಇರಲಿಲ್ಲ, ಅದು ಪ್ರೆಸ್ಸಿನಲ್ಲಿತ್ತು.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಎಂಟು ಪ್ರಶ್ನೆ, ಬರೆಯಬೇಕಾದದ್ದು ಐದು. ಆರನೆಯದು, ನಿಕ್ಷೇಪ ಪಡೆದವರ ಕರ್ತವ್ಯಗಳೇನು. ಅವಳು ಅದನ್ನೇ ಮೊದಲು ಬರೆದಳು, ಉದಾಹರಣೆಗೆ ಬೈಂಡಿಂಗ್ ಅಂಗಡಿ ಕೊಟ್ಟಳು. ಎರಡು ಪ್ರಶ್ನೆ ಚೆನ್ನಾಗಿ ಬಂತು, ಎರಡು ಮಧ್ಯಮ, ಒಂದಕ್ಕೆ ಬರೀ ಅರ್ಧ ಪುಟ. ಪಕ್ಕದ ಬೆಂಚಿನವರು ಹೆಚ್ಚು ಕಾಗದ ಕೇಳುವಾಗ ಇವಳು ಉತ್ತರದ ಹಾಳೆಗಳನ್ನು ದಾರ ಹಾಕಿ ಕಟ್ಟುತ್ತಿದ್ದಳು. ಕೊಠಡಿಯ ಮೇಲ್ವಿಚಾರಕರು ಆ ಗಂಟನ್ನು ನೋಡಿ, ಮತ್ತೆ ಅವಳ ಮುಖ ನೋಡಿ ತೆಗೆದುಕೊಂಡು ಹೋದರು.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಮಗಳು ಕಾಲೇಜಿನ ಹಲಗೆ ನೋಡಿಕೊಂಡು ನೇರ ಅಂಗಡಿಗೆ ಬಂದಳು.

"ನಲವತ್ತೊಂಬತ್ತು," ಅಂದಳು. "ನನಗಿಂತ ಎರಡು ಜಾಸ್ತಿ. ನನ್ನ ಮಾನ ತೆಗೆದ್ಬಿಟ್ಟೆ."

ದಾರದಕ್ಕ "ಹೌದಾ" ಎಂದು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಇಟ್ಟಳು. ಹದಿನೆಂಟು ವಿಷಯವೂ ಒಂದು ಕಡೆ ಸೇರಿದ್ದವು. ಧಣಿ ಅವತ್ತು ಎಲ್ಲರಿಗೂ ಚಹಾ ತರಿಸಿದರು.

ಆ ವಿಷಯ ಅವಳಿಗೆ ಆಮೇಲೂ ರುಚಿಸಲಿಲ್ಲ. ಮಗಳು ಕೇಳಿದರೆ, "ಬೇಸರದ್ದೇ ಅದು. ಬೇಸರದ್ದನ್ನ ಬಿಚ್ಚಿಕೊಂಡು ಓದ್ಬೇಕು, ಅಷ್ಟೇ," ಅನ್ನುತ್ತಿದ್ದಳು.

ಪದವಿಯ ಪತ್ರ ಬಂದ ದಿನ ಅದನ್ನು ಮೊದಲು ಕೈಗೆ ತೆಗೆದುಕೊಂಡದ್ದು ಅಂಟಜ್ಜಿ. ಓದಲು ಬರದ್ದರಿಂದ ಮೂಲೆ ಹಿಡಿದು ಬಾಗಿಸಿ, ಬೆರಳಿನಿಂದ ತೀಡಿ ನೋಡಿದಳು.

"ಕಾಗದ ಗಟ್ಟಿ ಇದೆ. ಮಡಚಿ ಕಳಿಸಿದಾರಲ್ಲ, ಬುದ್ಧಿ ಇಲ್ಲದೋರು."

ಅಂಚೆಯಲ್ಲಿ ಬಿದ್ದ ಮಡಿಕೆ ನಟ್ಟನಡುವೆ ಗೆರೆಯಾಗಿ ನಿಂತಿತ್ತು. ದಾರದಕ್ಕ ಪತ್ರವನ್ನು ಎರಡು ರಟ್ಟುಗಳ ನಡುವೆ ಇಟ್ಟು, ಪ್ರೆಸ್ಸಿಗೆ ಹಾಕಿ, ಚಕ್ರ ತಿರುಗಿಸಿದಳು. ಮೂರು ದಿನ ಅದು ಅಲ್ಲೇ ಇತ್ತು.